ಮಾವ ಸ್ಟಿಯರಿಂಗ್ ಹಿಡಿದ ವರ್ಷ

ನಮ್ಮ ಸೋದರಮಾವನ ಮೂಗು ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿತ್ತು. ಉದ್ದನೆಯ ಮೂಗು, ತುದಿಯಲ್ಲಿ ತುಸು ಎಡಕ್ಕೆ ವಾಲಿದ್ದು, ಬುಡದಿಂದ ಹಣೆಯವರೆಗೆ ಗೋಪೀಚಂದನದ ಗೆರೆ. ಮದರಾಸಿನ ಪುರಸೈವಾಕ್ಕಂನಲ್ಲಿದ್ದ ಅವರ ಹೋಟೆಲಿನಲ್ಲಿ ಬೆಳಿಗ್ಗೆ ಸಾಂಬಾರಿನ ಮುಚ್ಚಳ ತೆಗೆದೊಡನೆ ಆ ಮೂಗು ಹಬೆಯ ಮೇಲೆ ಬಾಗುತ್ತಿತ್ತು. ದೇವರ ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಹಚ್ಚುವ ಹಾಗಿಲ್ಲವಲ್ಲ. "ಹಿಂಗು ಕಮ್ಮಿ ಉಂಟು ಮಾರಾಯ" ಎಂದರೆ ಅಡುಗೆಯ ಭಟ್ಟರು ಮಾತಿಲ್ಲದೆ ಡಬ್ಬಿ ತೆರೆಯುತ್ತಿದ್ದರು. ಉಪ್ಪು ಕೂಡ ಮೂಗಿಗೆ ತಿಳಿಯುತ್ತದೆ ಎಂಬುದು ಅವರ ವಾದ. ಅದನ್ನು ಮಾತ್ರ ನಾನು ಕೊನೆಯವರೆಗೂ ನಂಬಲಿಲ್ಲ.

ಐವತ್ತರ ದಶಕದ ಕೊನೆಯಲ್ಲಿ ವಿಮಾ ಕಂಪನಿಯ ಗುಮಾಸ್ತನಾಗಿ ಮದರಾಸಿಗೆ ಹೋದ ನನಗೆ ಹೋಟೆಲಿನ ಮಾಳಿಗೆಯಲ್ಲಿ ಕೋಣೆ ಕೊಟ್ಟವರು ಅವರು. ಮಾತು ಕಡಿಮೆ. ಒಪ್ಪಿಗೆಯಿಲ್ಲದ್ದಕ್ಕೆಲ್ಲ "ನೋಡುವ, ನೋಡುವ" ಎನ್ನುತ್ತಿದ್ದರು. ಎರಡು ಸಲ ಅಂದರೆ ಆಗುವುದಿಲ್ಲ ಎಂದೇ ಲೆಕ್ಕ.

ಹೋಟೆಲಿಗೆ ತರಕಾರಿ ತರಲು ಒಂದು ವ್ಯಾನಿತ್ತು. ಅದರ ಡ್ರೈವರ್ ಪೋರೂರಿನ ಕಡೆಯ ತಮಿಳಿನವನು. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕೂತು ನಮ್ಮ ಊರಿನ ಕನ್ನಡ ಕಲಿತಿದ್ದರೂ ಮಾವನನ್ನು ಯಜಮಾನರೇ ಎನ್ನದೆ ತಮಿಳಿನ 'ಮೊದಲಾಳಿ' ಎಂದೇ ಕರೆಯುತ್ತಿದ್ದ. ಗಾಡಿ ಅವನ ಕೈಯಲ್ಲಿ ನೀರಿನ ಹಾಗೆ ಹೋಗುತ್ತಿತ್ತು. ಮಾವನಿಗೂ ಲೈಸೆನ್ಸ್ ಇತ್ತು, ಹಳೆಯ ಆಸೆಗೆ ಎಂದೋ ಮಾಡಿಸಿದ್ದು. ಲೈಸೆನ್ಸ್ ಇತ್ತೇ ಹೊರತು ಕೈ ಪಳಗಿರಲಿಲ್ಲ.

ಒಂದು ಮಧ್ಯಾಹ್ನ ಡ್ರೈವರ್ ವ್ಯಾನನ್ನು ಎಳನೀರಿನ ಕೈಗಾಡಿಗೆ ಗುದ್ದಿಸಿದ. ಮಾರುವವನ ಮೊಣಕಾಲು ಒಡೆದಿತ್ತು, ಎಳನೀರು ರಸ್ತೆ ತುಂಬ ಉರುಳಿತ್ತು, ಡ್ರೈವರ್ ಕುಡಿದಿದ್ದ. ಆಗ ಮದರಾಸಿನಲ್ಲಿ ಪಾನನಿಷೇಧ. ಕುಡಿಯುವುದೇ ಅಪರಾಧ, ಕುಡಿದು ಗಾಡಿ ಓಡಿಸುವುದು ಅದರ ಮೇಲೆ ಇನ್ನೊಂದು. ಜೈಲು ಖಂಡಿತ, ಲೈಸೆನ್ಸೂ ಹೋಗುತ್ತದೆ. ಲೈಸೆನ್ಸ್ ಹೋದ ಡ್ರೈವರನ್ನು ಯಾರು ಇಟ್ಟುಕೊಳ್ಳುತ್ತಾರೆ? ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು.

ಹೋಟೆಲಿಗೆ ದಿನವೂ ಬರುತ್ತಿದ್ದ ವಕೀಲರೊಬ್ಬರು ದಾರಿ ಹೇಳಿಕೊಟ್ಟರು. ಉಸಿರಿನಲ್ಲಿ ವಾಸನೆ ಇತ್ತು ಎಂದಷ್ಟೇ ಡಾಕ್ಟರು ಬರೆದಿದ್ದಾರೆ. ಹೊಟ್ಟೆನೋವಿಗೆಂದು ತಾವೇ ಅರಿಷ್ಟ ಕೊಟ್ಟದ್ದಾಗಿ ಮಾವ ಒಂದು ಮಾತು ಹೇಳಿದರೆ ಸಾಕು. ಅರಿಷ್ಟ ಕುಡಿದರೂ ಬಾಯಿಗೆ ಅದೇ ವಾಸನೆ, ಆದರೆ ಅದು ಔಷಧ, ಮಾವನಂಥವರ ಮಾತನ್ನು ಕೋರ್ಟು ತಳ್ಳಿಹಾಕುವುದಿಲ್ಲ.

"ನೋಡುವ, ನೋಡುವ" ಎಂದರು ಮಾವ.

ಡ್ರೈವರನ ಹೆಂಡತಿ ಬಂದು ಗಲ್ಲಾದ ಮುಂದೆ ನಿಂತು ಅತ್ತಳು. ಮಾವ ಅವಳಿಗೆ ತಮಿಳಿನಲ್ಲಿ ಹೇಳಿದ್ದು ಇಷ್ಟೇ: "ಈ ಸಲ ಉರುಳಿದ್ದು ಎಳನೀರು, ತಾಯಿ. ಇವತ್ತು ನಾನು ಅರಿಷ್ಟ ಅಂದ್ರೆ ನಾಳೆ ಕುಡಿದೇ ಗಾಡಿ ಹತ್ತುತ್ತಾನೆ."

ಅವಳ ಅಳು ನಿಂತುಹೋಯಿತು. "ಹಣೆಗೆ ನಾಮ ಹಾಕಿಕೊಂಡದ್ದು ಸಾಲದೂಂತ ನಮಗೂ ಹಾಕಿದಿರಾ ಮೊದಲಾಳಿ" ಎಂದು, ಊಟಕ್ಕೆ ಕೂತ ಗಿರಾಕಿಗಳಿಗೆಲ್ಲ ಕೇಳುವಂತೆ ಬೈದು ಹೋದಳು.

ಕೋರ್ಟಿಗೆ ನಾನೂ ಹೋಗಿದ್ದೆ. "ಕುಡಿದಿದ್ದ, ಸ್ವಾಮಿ. ಸ್ಟೇಷನ್ನಿನಲ್ಲಿ ನಾನೇ ಹತ್ತಿರ ಹೋಗಿ ಮೂಸಿದೆ" ಎಂದರು ಮಾವ. ವಕೀಲರು ತಲೆ ತಗ್ಗಿಸಿದರು. ಮಾವ ಕಟಕಟೆಯಿಂದ ಇಳಿಯಲಿಲ್ಲ. "ಇನ್ನೊಂದು ಮಾತು. ಅವನನ್ನು ಕೆಲಸದಿಂದ ತೆಗೆಯುವುದಿಲ್ಲ. ಬೇರೆ ಡ್ರೈವರನ್ನು ಇಡುವುದೂ ಇಲ್ಲ."

"ಹಾಗಾದರೆ ಗಾಡಿ ಓಡಿಸುವುದು ಯಾರು?" ಎಂದು ಕೇಳಿದರು ಮ್ಯಾಜಿಸ್ಟ್ರೇಟರು.

"ನೋಡುವ" ಎಂದರು ಮಾವ. ಒಂದೇ ಸಲ ಅಂದರು.

ಡ್ರೈವರನಿಗೆ ಕೆಲವು ವಾರ ಜೈಲಾಯಿತು. ಲೈಸೆನ್ಸ್ ಒಂದು ವರ್ಷ ರದ್ದಾಯಿತು. ಅವನು ಹೊರಬಂದ ಮಾರನೆಯ ಬೆಳಿಗ್ಗೆ ಮಾವ ಪಂಚೆ ಎತ್ತಿ ಕಟ್ಟಿ, ಸ್ಟಿಯರಿಂಗ್ ಹಿಂದೆ ಕೂತು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದೆ ಖಾಲಿ ಬುಟ್ಟಿಗಳ ನಡುವೆ ನಾನು, ಜೀವ ಕೈಯಲ್ಲಿ ಹಿಡಿದು. ಡ್ರೈವರ್ ಕೈಕಟ್ಟಿ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಸೇತುವೆಯ ಏರಿನಲ್ಲಿ ಎಂಜಿನ್ ನಿಂತು ವ್ಯಾನು ಹಿಂದಕ್ಕೆ ಜಾರತೊಡಗಿದಾಗ ಅವನ ಕೈ ತಾನಾಗಿ ಬ್ರೇಕಿನತ್ತ ಹೋಯಿತು. ಮಾವ ಆ ಕೈಗೆ ಫಟ್ಟನೆ ಹೊಡೆದರು.

"ಮುಟ್ಟಬೇಡ. ಬಾಯಲ್ಲಿ ಹೇಳು."

"ಹ್ಯಾಂಡ್ ಬ್ರೇಕ್ ಎಳೀರಿ ಮೊದಲಾಳಿ. ಕ್ಲಚ್ಚು ಮೆಲ್ಲ... ಮೆಲ್ಲ ಅಂದ್ರೆ ಮೆಲ್ಲ. ಹಿಟ್ಟು ರುಬ್ಬೂದಲ್ಲ ಇದು."

ಹೀಗೆ ಒಂದು ವರ್ಷ ಡ್ರೈವರ್ ಬಾಯಲ್ಲೇ ಗಾಡಿ ಓಡಿಸಿದ. ಮಾರ್ಕೆಟ್ಟಿನ ಹೊಸ ವ್ಯಾಪಾರಿಗಳು ಖಾಕಿ ತೊಟ್ಟು ಕಾಲಮೇಲೆ ಕಾಲು ಹಾಕಿ ಕೂತವನನ್ನು ಯಾರೋ ಅಧಿಕಾರಿ ಎಂದುಕೊಂಡು ನಮಸ್ಕರಿಸಿ, ಬೆವರು ಸುರಿಸುತ್ತಿದ್ದ ಮಾವನಿಗೆ "ಗಾಡಿ ಆಚೆ ನಿಲ್ಲಿಸಪ್ಪ" ಎನ್ನುತ್ತಿದ್ದರು. ಮಾವ ಆಚೆ ನಿಲ್ಲಿಸುತ್ತಿದ್ದರು.

ಹೊರಡುವ ಮುಂಚೆ ಇಬ್ಬರಿಗೂ ಒಂದು ಕಾಫಿ. ಹೋಟೆಲಿನ ಮೂಲೆಯ ಕಿರಿದಾದ ಮೇಜಿಗೆ ಮಾವ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಆ ಕಾಲದಲ್ಲಿ, ಅಂಥ ಮಡಿಯ ಹೋಟೆಲಿನಲ್ಲಿ, ಅದು ಸಣ್ಣ ಮಾತಲ್ಲ, ಭಟ್ಟರು ಗೊಣಗುತ್ತಿದ್ದರು. ನಿನ್ನೆ ಕುಡಿದೆಯಾ ಎಂದು ಮಾವ ಒಂದು ದಿನವೂ ಕೇಳಿದ್ದಿಲ್ಲ. ಆ ಮೂಗಿನೆದುರು ಕೂತ ಮೇಲೆ ಕೇಳುವುದೇನು?

ನಡುವೆ ಒಂದು ದಿನ ಡ್ರೈವರ್ ಮೇಜಿನ ಹತ್ತಿರ ಬರಲಿಲ್ಲ. ಬಾಗಿಲಲ್ಲೇ ನಿಂತ.

"ಕಾಫಿ ಆರ್ತದೆ" ಎಂದರು ಮಾವ.

ಅವನು ಹೆಗಲ ಟವಲಿನಿಂದ ಬಾಯಿ ಮುಚ್ಚಿಕೊಂಡ. ಮಾವ ಎರಡೂ ಲೋಟ ತಾವೇ ಕುಡಿದು ಎದ್ದರು. "ಇವತ್ತು ನೀನು ಹಿಂದೆ ಕೂತ್ಕೊ, ಬದನೆಕಾಯಿ ಒಟ್ಟಿಗೆ."

ಅಂದು ಹೇಳಿಕೊಡುವವರಿಲ್ಲದೆ ಮಾವ ವಾಪಸು ಬರುವಾಗ ಗೇಟಿನ ಕಂಬಕ್ಕೆ ವ್ಯಾನು ತಾಗಿಸಿದರು. ಇಳಿದು, ಗೀರಿದ ಜಾಗವನ್ನು ಬೆರಳಿನಿಂದ ಸವರಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದರು: "ನೀನು ಮುಂದೆ ಇರ್ತಿದ್ರೆ ಇದು ಆಗ್ತಿರ್ಲಿಲ್ಲ." ನಾನು ಕಂಡಂತೆ ಅವರು ಅವನನ್ನು ಬೈದದ್ದು ಅದೊಂದೇ ಸಲ. ಮರುದಿನದಿಂದ ಡ್ರೈವರ್ ಬಾಗಿಲಲ್ಲಿ ನಿಂತದ್ದನ್ನು ನಾನು ನೋಡಲಿಲ್ಲ.

ವರ್ಷ ತುಂಬಿ ಲೈಸೆನ್ಸ್ ವಾಪಸು ಬಂದಾಗ ಮಾವ ಕೀಲಿಕೈ ಅವನತ್ತ ಎಸೆದು, "ಸಾಕಪ್ಪ, ನನ್ನ ಸೊಂಟ ಹೋಯ್ತು" ಎಂದರು. ಹಬ್ಬ ಮಾಡಲಿಲ್ಲ, ಬುದ್ಧಿ ಹೇಳಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ಕೀಲ್ಪಾಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹವನ್ನು ಮನೆಗೆ ತರಲು ಡ್ರೈವರ್ ವ್ಯಾನು ತಂದ. ವರಾಂಡದಲ್ಲಿ ಕಾಯುತ್ತಿದ್ದಾಗ, ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟೆ: ಆ ಸಾಕ್ಷಿಯ ಬಗ್ಗೆ ಅವನಿಗೆ ಇನ್ನೂ ಕೋಪ ಇದೆಯೇ?

"ಇದೆ ತಂಬಿ" ಎಂದ. "ಇಲ್ಲದೆ ಏನು? ಒಂದು ಸುಳ್ಳು ಹೇಳ್ಲಿಲ್ಲ ಮೊದಲಾಳಿ ನನಗೋಸ್ಕರ. ಆ ಕೋಪದಲ್ಲೇ ಇಷ್ಟು ವರ್ಷ ಅದನ್ನ ಮುಟ್ಟದೆ ಇದ್ದೀನಿ."

ಒಳಗಿನಿಂದ ಕರೆದರು. ಅವನು ವ್ಯಾನಿನ ಹಿಂದಿನ ಬಾಗಿಲು ತೆರೆದಿಟ್ಟು, ಮಾವನ ತಲೆಯ ಕಡೆಗೆ ಭುಜ ಕೊಡಲು ಹೋದ.