ಹಲಗೆಯ ಮೇಲಿನ ಏಳು

ಕಳೆದ ತಿಂಗಳು ಸ್ಕೂಟರಿನ ಆಯಿಲ್ ಬದಲಾಯಿಸಲು ಇಲ್ಲಿ ವಡೋದರದ ಫತೇಗಂಜಿನ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಕೆಳಗಿನ ಬೋಲ್ಟು ಬಿಚ್ಚಿದ. ಇನ್ನೂ ಬಿಸಿಯಾಗಿದ್ದ ಕಪ್ಪು ಎಣ್ಣೆ ಡಬ್ಬಕ್ಕೆ ಇಳಿಯಿತು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಗ್ಯಾರೇಜು, ರಸ್ತೆ, ಪಕ್ಕದ ಚಹಾದಂಗಡಿಯ ವಿದ್ಯಾರ್ಥಿಗಳ ಗಲಾಟೆ ಎಲ್ಲ ದೂರ ಸರಿದವು. ಸೂರತ್ತಿನಲ್ಲಿ ಅರ್ಧ ಎದ್ದು ನಿಂತ ಕಟ್ಟಡವೊಂದರ ಮೂರನೇ ಮಹಡಿ, ಅಲ್ಲಿ ಹಳೇ ಬನಿಯನ್ನಿನ ಚಿಂದಿಯಿಂದ ಹಲಗೆಗಳಿಗೆ ಇಂಥದ್ದೇ ಎಣ್ಣೆ ಸವರುತ್ತ ಕುಕ್ಕರಗಾಲಲ್ಲಿ ಕೂತ ಮೇಸ್ತ್ರಿ ನೆನಪಾದರು.

ಅವರು ಸೆಂಟ್ರಿಂಗ್ ಮೇಸ್ತ್ರಿ. ಹಸಿ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹಿಡಿದು ನಿಲ್ಲಿಸುವ ಅಚ್ಚು ಕಟ್ಟುವುದು ಅವರ ಕೆಲಸ. ಹಲಗೆಗೆ ಕಾಂಕ್ರೀಟು ಅಂಟದಿರಲೆಂದೇ ಆ ಎಣ್ಣೆ. ಅದು ಗಟ್ಟಿಯಾದ ಮೇಲೆ ಅಚ್ಚು ಬಿಚ್ಚಿ ಮೇಲಿನ ಮಹಡಿಗೆ ಒಯ್ಯುತ್ತಾರೆ. ಗಾರೆಯವರ ಕೆಲಸ ಕಾಣುತ್ತದೆ, ಬಣ್ಣದವರ ಕೆಲಸ ಕಾಣುತ್ತದೆ, ಇವರದು ಮಾತ್ರ ಕಾಣುವುದಿಲ್ಲ. ವಿಜಯಪುರದ ಕಡೆಯವರು, ಇಪ್ಪತ್ತು ವರ್ಷದಿಂದ ಸೂರತ್ತಿನಲ್ಲೇ ಇದ್ದರು. ಅವರ ಕೈಕೆಳಗೆ ಒಂದು ಡಜನ್ ಜನ, ಹೆಚ್ಚಿನವರು ಅವರ ಊರಿನ ಸುತ್ತಮುತ್ತಲಿನವರೇ.

ನಾನು ಆಗಷ್ಟೇ ಎಂಜಿನಿಯರ್ ಆಗಿದ್ದೆ. ಅಪ್ಪ ಬ್ಯಾಂಕಿನಲ್ಲಿದ್ದರು, ತುಮಕೂರಿನಿಂದ ವಡೋದರಕ್ಕೆ ವರ್ಗವಾಗಿ ಬಂದವರು. ನಾನು ಓದಿದ್ದೆಲ್ಲ ಅಲ್ಲೇ. ಕನ್ನಡದ ಅಕ್ಷರ, ಅಂಕಿ ಎಲ್ಲ ಅಮ್ಮ ಗೋಡೆಯ ಕ್ಯಾಲೆಂಡರ್ ತೋರಿಸಿ ಕಲಿಸಿದ್ದು. ಮೊದಲ ನೌಕರಿ ಸೂರತ್ತಿನಲ್ಲಿ ಸಿಕ್ಕಿತು. ಅಡಾಜಣ್ ಬಡಾವಣೆಯಲ್ಲಿ ಕಟ್ಟಡ, ಅಲ್ಲೇ ಎರಡು ರಸ್ತೆ ಆಚೆ ಬಾಡಿಗೆ ಕೋಣೆ. ತಲೆಯ ಮೇಲೆ ಹಳದಿ ಹೆಲ್ಮೆಟ್ಟು, ಅದರೊಳಗೆ ತುಂಬ ಧಿಮಾಕು. ಆದರೆ ಭಾನುವಾರ ಬಂತೆಂದರೆ ಧಿಮಾಕೆಲ್ಲ ಇಳಿದುಹೋಗುತ್ತಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಯಾರ ಹತ್ತಿರವೂ ಒಂದು ಮಾತಾಡದೆ, ನನ್ನ ದನಿ ನನಗೇ ಮರೆತುಹೋದಂತೆ ಆಗುತ್ತಿತ್ತು.

ಮೇಸ್ತ್ರಿ ಕನ್ನಡದವರೆಂದು ಗೊತ್ತಾದದ್ದು ಒಂದು ಸುಳ್ಳಿನಿಂದ. ಒಂದು ಮಧ್ಯಾಹ್ನ ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಅಮ್ಮನಿಗೆ ಊಟ ಆಯಿತು, ಪಲ್ಯ ಚೆನ್ನಾಗಿತ್ತು ಎಂದೆಲ್ಲ ಹೇಳುತ್ತಿದ್ದೆ. ಫೋನ್ ಇಟ್ಟ ಮೇಲೆ ಹಿಂದಿನಿಂದ ದನಿ ಬಂತು.

“ಊಟ ಆಗಿಲ್ಲ ಬಿಡವ್ವಾ. ಬಾ, ರೊಟ್ಟಿ ಐತಿ.”

ನಾನು ನಾಚಿ ನೆಲ ನೋಡಿದೆ. ಹಲಗೆಗಳ ಅಟ್ಟಿಯ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಗೊತ್ತಾದದ್ದು ಹೇಗೆ ಎಂದು ಕೇಳಿದ್ದಕ್ಕೆ, ಉಂಡವರು ಪಲ್ಯದ ಮಾತು ಅಷ್ಟು ಬೆಳೆಸುವುದಿಲ್ಲ ಎಂದರು. ಅಂದಿನಿಂದ ಎಲ್ಲರ ಮುಂದೆ ನಾನು ಮೇಡಮ್, ಇಬ್ಬರೇ ಇದ್ದಾಗ ತಂಗಿ. ಅವರ ಮಗಳು ಗುಜರಾತಿ ಶಾಲೆಗೆ ಹೋಗುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳಂತೆ. ಅದನ್ನು ಹೇಳುವಾಗ ಅವರು ನಗುತ್ತಿದ್ದರು, ಆದರೆ ಪ್ರತಿ ಸಲ ಹೇಳುತ್ತಿದ್ದರು.

ಅವರ ಹಲಗೆಗಳಿಗೆ ಒಂದು ಗುರುತಿತ್ತು. ಮೆಟ್ಟಿಲ ಅಚ್ಚಿನ ಹಲಗೆಗಳು ಪ್ರತಿ ಮಹಡಿಯಲ್ಲೂ ಅದೇ ಕ್ರಮದಲ್ಲಿ ಕೂರಬೇಕು. ಅದಕ್ಕೆ ಒಂದೊಂದರ ಕೆಳಮೈಯಲ್ಲೂ ಉಳಿಯಿಂದ ಕನ್ನಡದ ಅಂಕಿ ಕೆತ್ತಿದ್ದರು. ೧, ೨, ೩... ಬೇರೆ ಗ್ಯಾಂಗಿನವರು ಕದ್ದೊಯ್ದು ನಮ್ಮದೇ ಎಂದರೆ, ಹಾಗಾದರೆ ಓದಿ ಎನ್ನಬಹುದಲ್ಲ ಎಂಬುದು ಅವರ ಲೆಕ್ಕಾಚಾರ. ಸೂರತ್ತಿನಲ್ಲಿ ಆ ಅಂಕಿಗಳನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಒಂದು ದಿನ ಅವರೆಲ್ಲ ಊಟಕ್ಕೆ ಹೋದಾಗ ಜಾಣತನ ತೋರಿಸಲು ನಾನೇ ನಾಲ್ಕೈದು ಹಲಗೆ ಜೋಡಿಸಿಟ್ಟೆ. ಕ್ರಮವೆಲ್ಲ ಸರಿಯಾಗಿತ್ತು. ಒಂದನ್ನು ಮಾತ್ರ, ಅಂಕಿ ಓದುವ ಖುಷಿಯಲ್ಲಿ, ಕೆತ್ತಿದ ಮೈ ಮೇಲಾಗಿ ಮಗುಚಿ ಇಟ್ಟಿದ್ದೆ. ಅಷ್ಟರಲ್ಲಿ ಕಂಬಿ ಕಟ್ಟುವವರು ಬಂದು ಜಾಲರಿ ಹಾಸಿದರು, ಮರುದಿನ ಕಾಂಕ್ರೀಟೂ ಬಿತ್ತು. ಅಚ್ಚು ಬಿಚ್ಚಿದಾಗ ಮೆಟ್ಟಿಲ ಅಡಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಒಂದು ಏಳು ಉಬ್ಬಿ ನಿಂತಿತ್ತು.

ಬೈಗುಳ ಕಾದಿದ್ದೆ. ಅವರು ಕತ್ತೆತ್ತಿ ಬಹಳ ಹೊತ್ತು ನೋಡಿದರು. “ಇರ್ಲಿ ಬಿಡು ತಂಗಿ,” ಎಂದರು. “ನಾವು ಹೋದ ಮ್ಯಾಲೆ ಇಲ್ಲಿ ಅದನ್ನ ಓದಾಕಿ ನೀ ಒಬ್ಬಾಕಿ.”

ಕೆತ್ತಿ ತೆಗೆಸಲಿಲ್ಲ. ಅದು ಕಟ್ಟಡದ ಹಿಂಬದಿಯ ಮೆಟ್ಟಿಲು, ಬರೀ ಸುಣ್ಣ ಬಳಿಯುವ ಜಾಗ, ಹಾಗಾಗಿ ಉಳಿದುಕೊಂಡಿತು.

ಆ ಕಟ್ಟಡ ಮುಗಿಯುತ್ತ ಬಂದಾಗ ಮ್ಯಾನೇಜರ್ ನನ್ನನ್ನು ಕರೆದರು. ಪಕ್ಕದಲ್ಲೇ ಇನ್ನೂ ನಾಲ್ಕು ಟವರ್ ಏಳುವುದಿತ್ತು. ಅಚ್ಚಿಗೆ ಮರದ ಹಲಗೆ, ಪ್ಲೈವುಡ್, ಕಬ್ಬಿಣದ ಪ್ಲೇಟು, ಅಲ್ಯೂಮಿನಿಯಂ, ಇವುಗಳಲ್ಲಿ ಯಾವುದು ಒಳ್ಳೆಯದೆಂದು ಹೋಲಿಸಿ ಒಂದು ಪುಟದ ರಿಪೋರ್ಟ್ ಬೇಕು ಎಂದರು. ನನಗೆ ಪುಸ್ತಕದಲ್ಲಿದ್ದದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಹೋಗಿ ಮೇಸ್ತ್ರಿಯ ಮುಂದೆಯೇ ಕೂತೆ. ಯಾರ ಅನ್ನ ಹೋಗುವ ಪ್ರಶ್ನೆಯೋ ಅವರನ್ನೇ ಕೇಳುತ್ತಿದ್ದೇನೆ ಎಂಬ ಪರಿವೆ ನನಗಿರಲಿಲ್ಲ. ಅವರಿಗಿತ್ತು.

ಆದರೂ ಎಲ್ಲ ಹೇಳಿದರು. ಮರವನ್ನು ಬೇಕಾದ ಹಾಗೆ ಕೊಯ್ಯಬಹುದು, ಮೆಟ್ಟಿಲಿಗೆ, ತಿರುವಿಗೆ ಅದೇ ಸೈ. ಆದರೆ ಮಳೆಗೆ ಉಬ್ಬುತ್ತದೆ, ಸಂದಿನಲ್ಲಿ ಸಿಮೆಂಟಿನ ಹಾಲು ಸೋರುತ್ತದೆ, ಬೆರಳೆಣಿಕೆಯಷ್ಟು ಸಲ ಬಳಸಿದರೆ ಮುಗಿಯಿತು. ಪ್ಲೈವುಡ್ಡಿನಲ್ಲಿ ಮೈ ನುಣುಪಾಗಿ ಬರುತ್ತದೆ, ಅಂಚು ಬಿಚ್ಚಿಕೊಂಡರೆ ಪದರ ಪದರ ಏಳುತ್ತದೆ. ಕಬ್ಬಿಣ ಬಹಳ ಕಾಲ ಬರುತ್ತದೆ, ಭಾರ. ಸೂರತ್ತಿನ ಬಿಸಿಲಿಗೆ ಕೈ ಸುಡುತ್ತದೆ. ಅಲ್ಯೂಮಿನಿಯಂ ಹಗುರ, ಗೋಡೆ ಛಾವಣಿ ಎರಡೂ ಒಟ್ಟಿಗೆ ಏಳುತ್ತವೆ, ಮಹಡಿ ಮೇಲೆ ಮಹಡಿ ಒಂದೇ ನಮೂನೆ ಇದ್ದರೆ ಅದನ್ನು ಮೀರಿಸಿದ್ದಿಲ್ಲ. ಇಷ್ಟು ಹೇಳಿ ಎಣ್ಣೆಯ ಚಿಂದಿಯಿಂದ ಕೈ ಒರೆಸಿಕೊಂಡರು.

“ಖರೇ ಅದನ್ನೇ ಬರಿ ತಂಗಿ. ಆದ್ರ ಕೆಳಗ ಒಂದು ಮಾತು ಸೇರಸು. ಈ ಮಂದಿ ಅದನ್ನೂ ಕಲೀತಾರ ಅಂತ. ಅಷ್ಟ.”

ಅವರು ನನ್ನನ್ನು ಕೇಳಿದ್ದು ಅದೊಂದೇ. ಅಲ್ಯೂಮಿನಿಯಂ ಕೊಡುವವರು ತಮ್ಮದೇ ಗ್ಯಾಂಗು ತರುತ್ತಾರೆಂದು ಅವರಿಗೆ ಗೊತ್ತಿತ್ತು. ಕಲಿಯುತ್ತಾರೆ ಎಂಬ ಒಂದು ಸಾಲು ಎಂಜಿನಿಯರ್ ಕೈಯಲ್ಲಿ ಬಂದರೆ ಹನ್ನೆರಡು ಜನ ಉಳಿಯಬಹುದಿತ್ತು.

ಆ ಸಾಲು ಬರೆದೆ. ಮರುದಿನ ಬೆಳಿಗ್ಗೆ ಅಳಿಸಿದೆ. ಆಫೀಸಿನಲ್ಲಿ ಆಗಲೇ, ನಿಮ್ಮ ಕನ್ನಡದವರು ಏನಂತಾರೆ ಎಂದು ನನ್ನನ್ನು ಕಾಡಿಸುತ್ತಿದ್ದರು. ಈ ಸಾಲು ಕಂಡರೆ ತನ್ನವರ ಪರ ವಕಾಲತ್ತು ಎನ್ನುತ್ತಾರೆ ಎಂದು ಹೆದರಿದೆ. ಮೇಸ್ತ್ರಿ ಗುಜರಾತಿನವರೋ ಬಿಹಾರದವರೋ ಆಗಿದ್ದರೆ ಖಂಡಿತ ಬರೆದಿರುತ್ತಿದ್ದೆ. ನನ್ನ ಭಾಷೆಯವರು ಎಂಬ ಒಂದೇ ಕಾರಣಕ್ಕೆ ಬರೆಯಲಿಲ್ಲ. ಇದನ್ನು ಒಪ್ಪಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ.

ಬರೆದಿಯಾ ಎಂದು ಮೇಸ್ತ್ರಿ ಕೇಳಿದಾಗ ಬರೆದೆ ಎಂದೆ.

ಎರಡು ವಾರದಲ್ಲಿ ಲಾರಿಗಳಲ್ಲಿ ಅಲ್ಯೂಮಿನಿಯಂ ಬಂತು, ಅದರೊಂದಿಗೆ ಅದರ ಜನವೂ ಬಂದರು. ಮೇಸ್ತ್ರಿಯ ಹಲಗೆಗಳು ಟೆಂಪೋ ಏರಿದವು. ಹೊರಡುವ ಮುಂಚೆ ನನ್ನ ಬಳಿ ಬಂದು, ಆ ಸಾಲಿಗೆ ಮ್ಯಾನೇಜರ್ ಏನೆಂದರು ಎಂದು ಕೇಳಿದರು. ಓದಿದರು, ಆದರೆ ಒಪ್ಪಲಿಲ್ಲ ಎಂದೆ. ಮೊದಲ ಸುಳ್ಳಿಗಿಂತ ಎರಡನೆಯದು ಸಲೀಸಾಗಿ ಬಂತು.

“ನೀ ಬರದೀಯಲ್ಲಾ, ಸಾಕು,” ಎಂದರು.

ಪಲ್ಯದ ಸುಳ್ಳನ್ನು ಬೆನ್ನ ಹಿಂದಿನಿಂದಲೇ ಹಿಡಿದವರು... ಮುಖ ನೋಡಿ ಹೇಳಿದ ಇದನ್ನು ಹಿಡಿಯದೆ ಬಿಟ್ಟರೇ? ಆಮೇಲೆ ನಾನು ವಡೋದರಕ್ಕೆ ಬಂದೆ. ಅಪ್ಪ ಅಮ್ಮ ನಿವೃತ್ತಿಯ ನಂತರ ತುಮಕೂರಿಗೆ, ಅಣ್ಣನ ಮನೆಗೆ ಹೋದರು. ನಾನು ಇಲ್ಲೇ ಉಳಿದೆ. ಮೇಸ್ತ್ರಿಯ ನಂಬರು ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುತ್ತ ಹದಿನಾಲ್ಕು ವರ್ಷ ನನ್ನ ಜೊತೆಗಿತ್ತು. ಒಂದು ಸಲವೂ ಒತ್ತಲಿಲ್ಲ.

ಗ್ಯಾರೇಜಿನ ಮುಂದೆ ನಿಂತೇ ಒತ್ತಿದೆ. ಎತ್ತಿದ್ದು ಮಗಳು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು, ಅವರ ನಂಬರನ್ನು ತಾನೇ ಇಟ್ಟುಕೊಂಡಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದಳು. ನಾನು ಯಾರೆಂದು ಹೇಳಿದೆ. ತಡವರಿಸುತ್ತ ಕನ್ನಡಕ್ಕೆ ಬಂದಳು.

“ನೀವು... ರಿಪೋರ್ಟ್ ಬರದ ದೀದಿ?”

ಸೂರತ್ ಬಿಟ್ಟ ಮೇಲೆ ಅವಳಪ್ಪ ಅಹಮದಾಬಾದಿಗೆ ಹೋದರಂತೆ. ಐವತ್ತು ದಾಟಿದ ಮೇಲೆ, ತಮಗಿಂತ ಎಷ್ಟೋ ಚಿಕ್ಕವರ ಕೈಕೆಳಗೆ ಅಲ್ಯೂಮಿನಿಯಂ ಹೊರುವ ಕೆಲಸಕ್ಕೆ ನಿಂತರಂತೆ. ಮನೆಯಲ್ಲಿ ಎಲ್ಲರೂ ಬೇಡವೆಂದರು. ಅವರು ಕೇಳಲಿಲ್ಲ. ಒಂದೇ ವರ್ಷದಲ್ಲಿ ಕಲಿತು ಮತ್ತೆ ಮೇಸ್ತ್ರಿಯಾದರು, ಹಳೆಯವರಲ್ಲಿ ಆರೇಳು ಜನರನ್ನೂ ಕರೆಸಿಕೊಂಡರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದರಂತೆ. ಅಪ್ಪನ ಆ ಮಾತನ್ನು ಅವಳು ಬಾಯಿಪಾಠ ಒಪ್ಪಿಸಿದಂತೆ, ಒಂದಕ್ಷರ ತಪ್ಪದೆ ಹೇಳಿದಳು.

“ಕಲೀತಾರ ಅಂತ ತಂಗಿ ಬರದಾಳ. ಆಕಿ ಮಾತು ಸುಳ್ಳಾಗಬಾರ್ದು.”

ಮೆಕ್ಯಾನಿಕ್ ಸ್ಕೂಟರ್ ರೆಡಿ ಎಂದು ಎರಡು ಸಲ ಕೂಗಿದ. ಮಗಳು ನನಗೆ ಥ್ಯಾಂಕ್ಸ್ ಹೇಳುತ್ತಿದ್ದಳು. ನಿಜ ಹೇಳಲು ಬಾಯಿ ತೆರೆದೆ... ಆಗಲಿಲ್ಲ. ಅವಳಿಂದ ಅದನ್ನು ಕಿತ್ತುಕೊಳ್ಳಲು ನನಗೇನು ಹಕ್ಕು ಎಂದುಕೊಂಡೆ. ಅದೂ ಹೇಡಿತನವೇ ಇರಬೇಕು.

ಮುಂದಿನ ಭಾನುವಾರ ರೈಲು ಹತ್ತಿ ಸೂರತ್ತಿಗೆ ಹೋದೆ. ಅಡಾಜಣ್‌ನ ಆ ಕಟ್ಟಡ ಹಳೆಯದಾಗಿದೆ. ಹಿಂಬದಿಯ ಮೆಟ್ಟಿಲಲ್ಲಿ ಸೈಕಲ್ಲು, ಒಡೆದ ಕೂಲರು ಇಟ್ಟಿದ್ದಾರೆ. ಸುಣ್ಣದ ಮೇಲೆ ಸುಣ್ಣ ಬಿದ್ದು ಕಣ್ಣಿಗೆ ಏನೂ ಕಾಣಲಿಲ್ಲ. ತಗ್ಗಾದ ಕಡೆ ಕೈ ಚಾಚಿ ಮೆಟ್ಟಿಲ ಅಡಿಯನ್ನು ಸವರುತ್ತ ಹೋದೆ. ಹಲಗೆ ಬಿಟ್ಟುಹೋದ ಮರದ ನಾರಿನ ಗೆರೆಗಳು ಸಿಕ್ಕವು, ಆಮೇಲೆ ಏಳು ಸಿಕ್ಕಿತು. ಅದರ ಮೇಲೆ ಕೈಯಿಟ್ಟು, ನಾನು ಬರೆದಿರಲಿಲ್ಲ ಮೇಸ್ತ್ರೀ, ಎಂದು ಜೋರಾಗಿಯೇ ಹೇಳಿದೆ.

ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಹೆಂಗಸೊಬ್ಬರು ನಿಂತು, ಯಾರು ಬೇಕಾಗಿತ್ತು ಎಂದು ಗುಜರಾತಿಯಲ್ಲಿ ಕೇಳಿದರು. ಯಾರೂ ಇಲ್ಲ ಎಂದು ಅವರ ಭಾಷೆಯಲ್ಲೇ ಹೇಳಿ ಕೈ ಕೆಳಗಿಳಿಸಿದೆ.