ಜಾಲಿ ಮುಳ್ಳಿನ ಹಾಡು

ಮಧ್ಯಾಹ್ನ ಮನೆಗೆ ಬಂದರೆ ಒಳಗೆ ಗ್ರಾಮಫೋನು ಸಣ್ಣ ದನಿಯಲ್ಲಿ ಹಾಡುತ್ತಿತ್ತು. ನಾನು ಬಾಗಿಲಲ್ಲೇ ನಿಂತೆ. ಅದರ ಸೂಜಿಗಳ ಡಬ್ಬಿಯನ್ನು ನಾನೇ ಬಚ್ಚಿಟ್ಟಿದ್ದೆ.

ಅದರ ಮೇಲೆ ತಿರುಗುತ್ತಿದ್ದ ಹಾಡಿನ ಪ್ಲೇಟಿನ ಮುಂದಿನ ಮಗ್ಗುಲಿನ ಹಾಡು ಹುಬ್ಬಳ್ಳಿಯ ಚಹಾದಂಗಡಿಗಳಲ್ಲೆಲ್ಲ ಕೇಳುತ್ತದೆ. ಹಿಂದಿನ ಮಗ್ಗುಲಲ್ಲಿ ಅದೇ ಹೆಸರಾಂತ ಗಾಯಕಿ, ನಲ್ಲ ಮರೆತುಬಿಟ್ಟ ಹೆಣ್ಣಿನ ದುಃಖವನ್ನು ಹಾಡಿದ್ದಾಳೆ. ಅದನ್ನು ಕೇಳುವವರು ಕಡಿಮೆ. ಗಂಡ ಬೇರೆ ಮದುವೆಯಾದ ಮೇಲೆ ತವರಿಗೆ ಬಂದ ನನ್ನ ಅಕ್ಕನಿಗೆ ಮಾತ್ರ ದಿನವೂ ಅದೇ ಬೇಕು. ಓಣಿಯವರು ಆಡಿಕೊಂಡಾರೆಂದು ನನಗೆ ನಾಚಿಕೆ.

ಒಳಗೆ ಹೋಗಿ ನೋಡಿದೆ. ಸೂಜಿ ಇರಬೇಕಾದಲ್ಲಿ ಅಕ್ಕ ಜಾಲಿ ಮುಳ್ಳು ಸಿಕ್ಕಿಸಿದ್ದಳು. ನನ್ನನ್ನು ಕಂಡವಳೇ ಗಾಬರಿಯಿಂದ ಪ್ಲೇಟು ನಿಲ್ಲಿಸಿದಳು.

"ಹೊರಗ ಕೇಳಸ್ತೇನೋ ತಮ್ಮಾ? ಮುಳ್ಳು ಹಾಕಿದ್ರ ದನಿ ಸಣ್ಣಗ ಬರ್ತದ ಅಂತ ಹಾಕಿದ್ದೆ."

ಗೂಟಕ್ಕೆ ತೂಗುಹಾಕಿದ್ದ ನನ್ನ ಕೋಟಿನ ಕಿಸೆಯಿಂದ ಡಬ್ಬಿ ತೆಗೆದು ಅವಳ ಮುಂದಿಟ್ಟೆ.

"ಅದರಾಗ ಅದ ಅಂತ ಗೊತ್ತಿತ್ತು ಬಿಡೋ ಹುಚ್ಚಾ. ಮೊನ್ನೆ ಆ ಕಿಸೆ ಹರದಾಗ ಹೊಲಿದಾಕಿ ಯಾರು?" ಎಂದು ನಕ್ಕಳು.

ನಾನು ಹೆಚ್ಚು ಸಾಲಿ ಕಲಿತವನಲ್ಲ, ಇದನ್ನೆಲ್ಲ ಚಂದಾಗಿ ಬರೆಯಲು ಬಾರದು. ಈಗ ಡಬ್ಬಿ ಗ್ರಾಮಫೋನಿನ ಪಕ್ಕದಲ್ಲೇ ಇರುತ್ತದೆ. ಆದರೂ ನಾನು ಮನೆಯಲ್ಲಿದ್ದಾಗ ಅಕ್ಕ ಮುಳ್ಳನ್ನೇ ಹಾಕುತ್ತಾಳೆ.