ಕಿತ್ತಳೆ ಗಿಡದ ಉಪವಾಸ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವಳಿಗೆ ಅಲ್ಲಿಯವರು ಇಟ್ಟ ಹೆಸರು ‘ಇನ್ನೊಂಚೂರಮ್ಮ’. ತಟ್ಟೆ ಹಿಡಿದು ನಿಂತವರು ಸಾಕು ಸಾಕು ಎಂದರೂ ‘ಇನ್ನೊಂಚೂರು’ ಎಂದು ಬಡಿಸದೆ ಅವಳ ಕೈ ಹಿಂದಕ್ಕೆ ಬರುತ್ತಿರಲಿಲ್ಲ. ವಾಚ್ ರಿಪೇರಿ ಮಾಡುವ ಅವಳ ಗಂಡ ಮದುವೆಯಾದ ಮೊದಲ ವರ್ಷದಲ್ಲೇ ಬೆಲ್ಟಿನ ತುದಿಯತ್ತ ಎರಡು ಸಲ ಹೊಸ ತೂತು ಹೊಡೆಸಿದ್ದ.

ಮನೆಯ ಹಿತ್ತಿಲೂ ಆ ಕೈಯ ಉಪಚಾರ ಕಂಡಿತ್ತು. ಮಳೆಗಾಲಕ್ಕೆ ಸೊಪ್ಪು, ಚಳಿಗಾಲಕ್ಕೆ ಟೊಮೇಟೊ, ಬೇಸಿಗೆಗೆ ಒಡೆದ ಬಕೆಟ್ಟುಗಳಲ್ಲಿ ಮೆಣಸಿನಕಾಯಿ. ಬಾಗಿಲ ಪಕ್ಕದ ನಿಂಬೆ ಗಿಡವಂತೂ ಬಂದವರಿಗೆಲ್ಲ ಕೊಟ್ಟರೂ ಮುಗಿಯದಷ್ಟು ಕಾಯಿ ಬಿಡುತ್ತಿತ್ತು. ಬೆಳಗ್ಗೆ ಐದಕ್ಕೆ ಎದ್ದು, ಹಿತ್ತಿಲಲ್ಲಿ ನಿಂತು ದೇವರಿಗೊಮ್ಮೆ ಕೈಮುಗಿದು, ಒಂದೊಂದು ಗಿಡದ ಬುಡಕ್ಕೂ ನೀರು ಹಾಕಿದ ಮೇಲೆಯೇ ಅವಳು ಕೆಲಸಕ್ಕೆ ಹೊರಡುತ್ತಿದ್ದಳು.

ಕೊರತೆ ಇದ್ದದ್ದು ಕಿತ್ತಳೆಯದೊಂದೇ. ನೆಟ್ಟು ಏಳು ವರ್ಷವಾಗಿತ್ತು. ಎಲೆಗಳೋ ಎಣ್ಣೆ ಸವರಿದ ಹಾಗೆ ಮಿರಿಮಿರಿ ಮಿಂಚುತ್ತಿದ್ದವು. ಹೂವಿನ ಸುಳಿವೇ ಇಲ್ಲ. ಸಾಲದ್ದಕ್ಕೆ ಅದರ ದಟ್ಟ ನೆರಳು ಬೀಳುತ್ತಿದ್ದದ್ದು ನಾದಿನಿಯ ಕಿಟಕಿಯ ಮೇಲೆ. ಗಂಡನ ತಂಗಿಯಾದ ಈ ನಾದಿನಿ, ಮದುವೆ ಬೇಡವೆಂದು ಹೊಲಿಗೆ ಯಂತ್ರವನ್ನೇ ಕಟ್ಟಿಕೊಂಡವಳು. ಅದೇ ಮನೆಯ ಹಿಂಭಾಗದ ಕೋಣೆಯಲ್ಲಿ ಅವಳ ವಾಸ, ಅಲ್ಲೇ ಟೈಲರಿಂಗ್.

“ಅತ್ತಿಗೆ, ನಿಮ್ಮ ಈ ಮುದ್ದಿನ ಮಗನ ದೆಸೆಯಿಂದ ನಾನು ನಡುಮಧ್ಯಾಹ್ನ ಲೈಟ್ ಹಾಕ್ಕೊಂಡು ಸೂಜಿಗೆ ದಾರ ಪೋಣಿಸ್ಬೇಕು. ನಿನ್ನೆ ಕಪ್ಪು ಕೋಟಿಗೆ ನೀಲಿ ದಾರದಲ್ಲಿ ಕಾಜಾ ಹಾಕಿದೀನಿ, ಗೊತ್ತಾ?”

“ಸ್ವಲ್ಪ ತಾಳ್ಕೊಳೇ. ಈ ವರ್ಷ ಬಿಡುತ್ತೆ.”

“ಏಳು ವರ್ಷದಿಂದ ಇದೇ ಮಾತು. ಬರೋ ಮಳೆಗಾಲ ಮುಗಿಯೋ ಹೊತ್ತಿಗೆ ಇದ್ರಲ್ಲಿ ಕಾಯಿ ಕಾಣ್ಲಿಲ್ಲ ಅಂದ್ರೆ ಕಡಿಸ್ತೀನಿ. ಅಣ್ಣಾ, ನೀನೇ ಸಾಕ್ಷಿ!”

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಅಣ್ಣ ತಲೆ ಎತ್ತದೆ “ಹ್ಞೂಂ” ಎಂದ. ಅದು ಯಾರ ಪರವಾದ ಹ್ಞೂಂ ಎಂದು ಇಬ್ಬರಿಗೂ ತಿಳಿಯಲಿಲ್ಲ. ಆದರೆ ಮನೆ ಅಣ್ಣತಂಗಿ ಇಬ್ಬರಿಗೂ ಸೇರಿದ್ದು. ನಾದಿನಿಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಮಾರನೆಯ ದಿನವೇ ಇನ್ನೊಂಚೂರಮ್ಮ ನಾಲ್ಕು ಎಲೆ ಕಿತ್ತುಕೊಂಡು ನರ್ಸರಿಯ ತಾತನ ಬಳಿಗೆ ಹೋದಳು. ತಾತ ಎಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದ.

“ನೀರು ಎಷ್ಟು ಹಾಕ್ತೀರಿ ತಾಯಿ?”

“ದಿನಾ ಎರಡು ಬಕೆಟ್. ಬಿಸಿಲು ಜಾಸ್ತಿಯಾದ್ರೆ ಸಂಜೆನೂ ಒಂದು.”

“ಗೊಬ್ಬರ?”

“ಹದಿನೈದು ದಿನಕ್ಕೊಂದ್ಸಲ.”

ತಾತ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೂತಲ್ಲಿಗೇ ಊಟ ಬರ್ತಿದ್ರೆ ಅದ್ಯಾಕಮ್ಮ ಮೈಬಗ್ಗಿಸುತ್ತೆ? ಎಲೆ ಬೆಳೆಸ್ಕೊಂಡು ಹಾಯಾಗಿದೆ. ಈ ಚಳಿಗಾಲ ಒಂದು ತಿಂಗಳು ಹನಿ ನೀರೂ ಕೊಡ್ಬೇಡಿ. ಎಲೆ ಮುರುಟಿ, ಒಂದಷ್ಟು ಉದುರ್ಲಿ. ಆಮೇಲೆ ಗೊಬ್ಬರ ಕೊಟ್ಟು, ಸ್ವಲ್ಪ ಸ್ವಲ್ಪವೇ ನೀರು ಶುರು ಮಾಡಿ. ಹೂ ಬರ್ದಿದ್ರೆ ನನ್ನ ಕೇಳಿ.”

“ಸತ್ತುಹೋದ್ರೆ?”

“ಅದು ಸಾಯಲ್ಲ. ನಿಮ್ಮ ಜೀವ ಹೋಗದ ಹಾಗೆ ನೋಡ್ಕೊಳ್ಳಿ, ಅಷ್ಟೇ.”

ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಾದವರ ಮಂಚಕ್ಕೆ ‘ಏನೂ ಕೊಡಬಾರದು’ ಎಂದು ಚೀಟಿ ತೂಗುಹಾಕುತ್ತಿದ್ದರು. ಅವಳ ಕೆಲಸದಲ್ಲೆಲ್ಲ ಅತಿ ಕಷ್ಟದ್ದು ಆ ಮಂಚಗಳನ್ನು ದಾಟಿ ಮುಂದೆ ಹೋಗುವುದು. ಈಗ ಹಿತ್ತಿಲಲ್ಲೂ ಅಂಥದೊಂದು ಮಂಚ ಬಂದ ಹಾಗಾಯಿತು. ನಾದಿನಿ ಆಡಿಕೊಂಡು ನಗುತ್ತಾಳೆಂದು ಗಂಡನೊಬ್ಬನಿಗೆ ಮಾತ್ರ ಹೇಳಿದಳು.

ಎರಡನೆಯ ವಾರಕ್ಕೆ ಎಲೆಗಳು ದೋಣಿಯಂತೆ ಮಡಚಿಕೊಂಡವು. ಬೆಳಗ್ಗೆ ಬಕೆಟ್ ಹಿಡಿದವಳು ಆ ಕಡೆ ನೋಡದೆ, ಗೋಡೆ ಸುತ್ತಿ ಟೊಮೇಟೊ ಪಾತಿಗೆ ಹೋಗುತ್ತಿದ್ದಳು. ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಯಾರೂ ಅರೆಹೊಟ್ಟೆಯಲ್ಲಿ ಏಳಲಿಲ್ಲ. ಗಿಡದ ಪಾಲೂ ಅವರ ತಟ್ಟೆಗೇ ಬೀಳುತ್ತಿತ್ತು.

ಹತ್ತೊಂಬತ್ತನೆಯ ದಿನ ನೋಡುತ್ತಾಳೆ, ಎಲೆಗಳೆಲ್ಲ ನೆಟ್ಟಗಾಗಿವೆ! ಬುಡ ಮುಟ್ಟಿದರೆ ಒದ್ದೆ. ಗಂಡ ಅವಳನ್ನೇ ನೋಡಿದ.

“ನಾನಲ್ಲ ರೀ, ದೇವರಾಣೆ!”

“ನಾನೇನೂ ಅನ್ಲಿಲ್ವಲ್ಲ.”

ನೀರು ಚೆಲ್ಲಿದ ಗುರುತು ಬುಡದಿಂದ ನೆಟ್ಟಗೆ ನಾದಿನಿಯ ಬಾಗಿಲಿಗೆ ಹೋಗಿತ್ತು. ಇನ್ನೊಂಚೂರಮ್ಮನಿಗೆ ಮೈಯೆಲ್ಲ ಉರಿಯಿತು. ಕಡಿಸುವ ಹಟಕ್ಕೆ ಇಷ್ಟು ಮಾಡುವುದೇ?

“ಗಿಡಕ್ಕೆ ನೀರು ಹಾಕಿದ್ದು ನೀನೇನೇ?”

ನಾದಿನಿ ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆದಳು. “ಹೌದು. ಹಾಕ್ಬಾರ್ದಾ?”

“ಹೂ ಬಿಡ್ಬಾರ್ದು ಅಂತ ತಾನೇ?”

“ಇದೇನತ್ತಿಗೆ ಹೀಗಂತೀರಾ? ನನ್ನ ಮಾತಿಗೆ ಬೇಜಾರಾಗಿ ನೀವು ಅದರ ಆಸೇನೇ ಬಿಟ್ರಿ ಅನ್ಕೊಂಡೆ. ಇಲ್ಲಿ ಕೂತು ದಿನವಿಡೀ ಅದು ಬಾಡೋದನ್ನ ನೋಡೋಳು ನಾನು. ಕಡಿಸೋದು ಬೇರೆ, ಬಾಯಾರಿಸೋದು ಬೇರೆ!”

ಇನ್ನೊಂಚೂರಮ್ಮ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತಳು. ತಾತ ಹೇಳಿದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ನಾದಿನಿಯ ಭುಜ ಕುಲುಕತೊಡಗಿತು.

“ನೀವು? ಒಬ್ಬರನ್ನ ಉಪವಾಸ ಕೆಡವಿದ್ರಾ? ನಂಗೆ ಹೇಳೋಕೇನಾಗಿತ್ತು?”

“ನೀನು ನಗ್ತೀಯ ಅಂತ.”

“ಈಗ ಮಾತ್ರ ಅಳ್ತಿದೀನಾ?”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಪವಾಸ ಮತ್ತೆ ಒಂದನೆಯ ದಿನದಿಂದ ಶುರುವಾಯಿತು. ಈಗ ಒಬ್ಬಳ ಕೈ ಬಕೆಟ್ಟಿನತ್ತ ಹೋದರೆ ಇನ್ನೊಬ್ಬಳು ಕೆಮ್ಮುತ್ತಿದ್ದಳು. ತಿಂಗಳಾಯಿತು, ಎಲೆ ಉದುರಿತು. ಗೊಬ್ಬರ ಬಿತ್ತು. ಮೊದಲ ದಿನ ಅರ್ಧ ಬಕೆಟ್, ನಾಲ್ಕು ದಿನ ಬಿಟ್ಟು ಒಂದು. ಮೂರು ವಾರ ಕಳೆದು ಒಂದು ಬೆಳಗ್ಗೆ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾಗ ಅವಳ ಮೂಗಿಗೆ ಪರಿಮಳ ಬಡಿಯಿತು. ಕಣ್ಣು ಬಿಟ್ಟರೆ ಕೊಂಬೆಕೊಂಬೆಗೂ ಬಿಳಿ ಮೊಗ್ಗು. ದೇವರಿಗೆ ಹೇಳುತ್ತಿದ್ದ ಮಾತು ಅರ್ಧಕ್ಕೇ ನಿಂತಿತು. ಉಳಿದದ್ದು ಅವನಿಗೆ ತಿಳಿದೇ ಇತ್ತು.

ಅರಳಿದ ಹೂಗಳಲ್ಲಿ ಮುಕ್ಕಾಲು ಪಾಲು ಉದುರಿತು. ಉಳಿದವು ಬೇಸಿಗೆಯಲ್ಲಿ ಬಟಾಣಿ ಗಾತ್ರವಾದವು. ಮಳೆ ಹಿಡಿದ ಮೇಲೆ ದಿನದಿನಕ್ಕೆ ದಪ್ಪಗಾಗಿ ಕೊಂಬೆಗಳನ್ನೇ ಕೆಳಗೆ ಜಗ್ಗಿದವು.

ಮಳೆ ನಿಂತ ವಾರ, ಕೊಡಲಿ ಹೆಗಲಿಗೇರಿಸಿಕೊಂಡು ಒಬ್ಬ ಗೇಟಿನ ಬಳಿ ನಿಂತ. “ಟೈಲರಮ್ಮ ಹೋದ ವರ್ಷಾನೇ ಹೇಳಿದ್ರು, ಮಳೆಗಾಲ ಮುಗಿದ್ಮೇಲೆ ಬಾ ಅಂತ. ಯಾವ ಮರ?”

ಇನ್ನೊಂಚೂರಮ್ಮ ನಾದಿನಿಯ ಮುಖ ನೋಡಿದಳು. ನಾದಿನಿ ನಾಲಿಗೆ ಕಚ್ಚಿಕೊಂಡಳು.

“ಅಯ್ಯೋ, ಬೇಡ ಅಂತ ಹೇಳೋದೇ ಮರ್ತೆ.”

“ಹಾಗಾದ್ರೆ ಕಡಿಯೋಕೆ ಏನೂ ಇಲ್ವಾ? ಅಷ್ಟು ದೂರದಿಂದ ಬಂದಿದೀನಮ್ಮಾ.”

“ಇದೆ ಬಾರಪ್ಪ. ಆ ಮೂಲೆಯಲ್ಲಿ ಹಳೇ ಗಳ ಬಿದ್ದಿವೆ. ಅದರಲ್ಲಿ ಈ ಕೊಂಬೆಗೊಂದು ಊರುಗೋಲು ಕಡಿದು ಕೊಡು. ಭಾರಕ್ಕೆ ಮುರಿಯೋ ಹಾಗಿದೆ. ಸ್ವಲ್ಪ ಮೇಲೆತ್ತಿ ನಿಲ್ಸಿದ್ರೆ ನನಗೂ ಬೆಳಕು.”

“ಎಷ್ಟುದ್ದ ಬೇಕು?”

ನಾದಿನಿ ಕೊರಳಿನ ಟೇಪು ತೆಗೆದು ಒಂದು ತುದಿಯನ್ನು ಅತ್ತಿಗೆಗೆ ಕೊಟ್ಟಳು. ಅತ್ತಿಗೆ ಕುಕ್ಕರಗಾಲಲ್ಲಿ ಕೂತು ಅದನ್ನು ನೆಲಕ್ಕೆ ಒತ್ತಿ ಹಿಡಿದಳು. ನಾದಿನಿ ಇನ್ನೊಂದು ಕೈಯಲ್ಲಿ ಕೊಂಬೆಯನ್ನು ಹಣ್ಣುಗಳ ಸಮೇತ ಮೆಲ್ಲಗೆ ಎತ್ತಿದಳು.

“ಐವತ್ತೆಂಟು ಇಂಚು. ಮಣ್ಣಲ್ಲಿ ಹೂಳೋಕೆ ಆರು ಸೇರಿಸ್ಕೋ. ಅಳತೆ ತಗೊಳ್ದೆ ಕಡಿಯೋ ಅಭ್ಯಾಸ ನಂಗಿಲ್ಲಪ್ಪ.”

“ಹೌದೌದು,” ಕೆಳಗಿನಿಂದ ಅತ್ತಿಗೆ ಅಂದಳು, “ಕಂಡಿದೀನಿ.”